ಗಾಳಿಯ ಸದ್ದು ಮತ್ತು ನಮ್ಮ ಕಿವಿ

ನಾವು ಮಠದ ಪಾಠಶಾಲೆಗೆ ಸೇರಿದ್ದು 1969ರಲ್ಲಿ, ಹತ್ತು ವರ್ಷದ ಬಾಲಕನಾಗಿದ್ದಾಗ. ಅಲ್ಲಿ ನಮಗೆ ದೊರೆತ ಮೊದಲ ಪಾಠ ಬಾಯಿಗೆ ಸಂಬಂಧಿಸಿದುದಲ್ಲ, ಕಿವಿಗೆ ಸಂಬಂಧಿಸಿದುದು. ಗುರುಗಳು ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು. ಇಪ್ಪತ್ತು ಮಂದಿ ಹುಡುಗರು ಒಕ್ಕೊರಲಿನಿಂದ ಪಠಿಸುತ್ತಿರುವಾಗ ಮೂಲೆಯಲ್ಲಿದ್ದ ಒಬ್ಬನು ಶಕಾರದ ಸ್ಥಾನದಲ್ಲಿ ಸಕಾರ ನುಡಿದರೆ ಸಾಕು, ಅವರ ಬಲಗೈಯ ಬೆರಳು ಮೇಲೇಳುತ್ತಿತ್ತು. ಬಾಯಿ ತಿದ್ದಬೇಕಾದರೆ ಮೊದಲು ಕಿವಿ ತಿದ್ದಬೇಕು ಎಂಬುದು ಅವರ ನಿತ್ಯದ ಮಾತು. ಅವರು ತಿದ್ದಿಕೊಟ್ಟ ಆ ಕಿವಿಯೇ ನಲವತ್ತು ವರ್ಷಗಳಿಗೂ ಮಿಕ್ಕಿ ನಮಗೆ ಅನ್ನ ನೀಡಿತು. ಪಾಠ ಹೇಳಿದೆವು, ಪ್ರವಚನ ಮಾಡಿದೆವು, ನೂರಾರು ಮಕ್ಕಳ ಉಚ್ಚಾರ ತಿದ್ದಿದೆವು. ಅದೇ ಕಿವಿ ಕೆಟ್ಟಿದೆ ಎಂಬುದು ನಮಗೆ ತಿಳಿದದ್ದು ಕಳೆದ ವರ್ಷದ ಶ್ರಾವಣದಲ್ಲಿ. ಅದು ತಿಳಿದ ಬಗೆಯನ್ನು ಹೇಳಲು ಸಂಕೋಚವಾಗುತ್ತದೆಯಾದರೂ ಓದುಗರ ಮನೆಗಳಿಗೆ ಪ್ರಯೋಜನವಾದೀತೆಂದು ಹೇಳುತ್ತಿದ್ದೇವೆ.

ಅಂದು ಬೆಳಗಿನ ಪಾಠದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಪಠಿಸುತ್ತಿದ್ದ. ಅವನು ಸಕಾರ ನುಡಿದನೆಂದು ನಾವು ತಡೆದೆವು. ಮತ್ತೆ ಹೇಳಿದ, ಮತ್ತೆ ತಡೆದೆವು. ಹೀಗೆ ಎಂಟು ಹತ್ತು ಬಾರಿ ಆಯಿತು. ಉಳಿದ ಹುಡುಗರು ಮುಖ ಮುಖ ನೋಡಿಕೊಂಡರು. ನಮಗೆ ಸಿಟ್ಟು ಬಂದು, "ನಾಲಗೆಯ ಮೇಲೆ ನಿಗಾ ಇಲ್ಲದವನು ಇಲ್ಲಿಗೇಕೆ ಬಂದೆ?" ಎಂದುಬಿಟ್ಟೆವು. ಹುಡುಗನ ಕಣ್ಣಲ್ಲಿ ನೀರು ತುಂಬಿತು. ಪಾಠ ಮುಗಿದ ಮೇಲೆ ಹಿರಿಯ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು ತಲೆ ತಗ್ಗಿಸಿ, "ಗುರುಗಳೇ, ತಪ್ಪು ತಿಳಿಯಬ್ಯಾಡ್ರಿ. ಅಂವ ಮೊದಲಿನಿಂದಲೂ ಸರಿಯಾಗಿಯೇ ಅಂದಾನ್ರಿ," ಎಂದ. ಆ ಕ್ಷಣದಲ್ಲಿ ನಮಗಾದ ಕಸಿವಿಸಿಯನ್ನು ಬರೆದು ತಿಳಿಸಲಾರೆವು.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರಿಗೆ ಆಶ್ಚರ್ಯವೇ ಆಗಲಿಲ್ಲ. "ಎರಡು ವರ್ಷದಿಂದ ಹೇಳಾಕತ್ತೀನ್ರೀ. ಟೀವಿ ಸಪ್ಪಳ ಓಣಿಗೆಲ್ಲ ಕೇಳತೈತಿ. ಮೊಮ್ಮಗಳು ಕರೆದರ ಓಗೊಡೂದಿಲ್ಲ. ಕೂಸು ಅಜ್ಜ ಸಿಟ್ಟಾಗ್ಯಾನಂತ ತಿಳಕೊಂಡೈತಿ," ಎಂದರು. ಮಗುವಿನ ಸಣ್ಣ ದನಿ ನಮ್ಮನ್ನು ಮುಟ್ಟುತ್ತಿರಲಿಲ್ಲ. ಆದರೆ ಅದನ್ನು ನಮ್ಮ ಧ್ಯಾನಾಸಕ್ತಿಯೆಂದು ನಾವೇ ಭಾವಿಸಿಕೊಂಡಿದ್ದೆವು!

ಮರುವಾರವೇ ಹುಬ್ಬಳ್ಳಿಯ ಕಿವಿಯ ವೈದ್ಯರಲ್ಲಿಗೆ ಹೋದೆವು. ಸದ್ದು ಬಾರದ ಚಿಕ್ಕ ಕೋಣೆಯಲ್ಲಿ ಕೂರಿಸಿ, ತಲೆಗೆ ಯಂತ್ರ ತೊಡಿಸಿ, ಒಂದೊಂದೇ ಸ್ವರ ಕೇಳಿಸಿ ಪರೀಕ್ಷಿಸಿದರು. ಬಂದ ನಕ್ಷೆಯಲ್ಲಿ ಗೆರೆಯು ಬಲಕ್ಕೆ ಸಾಗುತ್ತ 4000 ಹರ್ಟ್ಸ್ ಬಳಿ ಹೊಂಡದಂತೆ ಕುಸಿದಿತ್ತು, ಎರಡೂ ಕಿವಿಗಳಲ್ಲಿ. ವೈದ್ಯರು, "ಗುರುಗಳೇ, ಮಿಲ್ಲಿನಲ್ಲಿ ಕೆಲಸ ಮಾಡಿದ್ದೀರಾ?" ಎಂದು ಕೇಳಿದರು. ನಾವು ನಕ್ಕೆವು. ವಯಸ್ಸಿನ ಕಿವುಡು ಅತಿ ತಾರಸ್ವರಗಳಿಂದ ಮೊದಲಾಗಿ ಮೆಲ್ಲನೆ ಇಳಿಯುತ್ತ ಬರುತ್ತದೆಂದೂ, ಈ ಹೊಂಡವು ದೊಡ್ಡ ಸದ್ದಿನಲ್ಲಿ ಬಹುಕಾಲ ಕಳೆದವರ ಗುರುತೆಂದೂ ಅವರು ವಿವರಿಸಿದರು. ಸಕಾರ ಶಕಾರಗಳ ಭೇದ ತಿಳಿಯುವುದು ಈ ತಾರಸ್ವರಗಳ ಪ್ರದೇಶದಿಂದಲೇ. ಕೊನೆಗೆ, "ಊರೂರಿಗೆ ಹೇಗೆ ಹೋಗುತ್ತೀರಿ?" ಎಂದರು. "ಮೋಟಾರು ಸೈಕಲ್ಲಿನ ಮೇಲೆ," ಎಂದೆವು. ಅವರು ಲೇಖನಿ ಕೆಳಗಿಟ್ಟರು.

ನಾವು ಮೋಟಾರು ಸೈಕಲ್ಲು ಹಿಡಿದದ್ದು 1988ರಲ್ಲಿ. ಬಸ್ಸಿಲ್ಲದ ಹಳ್ಳಿಗಳಿಗೆ ಪ್ರವಚನಕ್ಕೆ ಹೋಗಲು ಬೇರೆ ದಾರಿ ಇರಲಿಲ್ಲ. ಆಗಿನ ರಸ್ತೆಗಳಲ್ಲಿ ನಲವತ್ತು ಐವತ್ತರ ವೇಗ ದಾಟುವುದೇ ಸಾಹಸ. ಅನಂತರ ರಸ್ತೆಗಳು ಅಗಲವಾದವು, ನುಣುಪಾದವು. ಹುಬ್ಬಳ್ಳಿಯಿಂದ ಅಣ್ಣಿಗೇರಿ ದಾಟಿ ಗದಗಿಗೆ ಹೋಗುವ ಸುಮಾರು 60 ಕಿಲೋಮೀಟರನ್ನು ಈಗ ಎಂಬತ್ತು ತೊಂಬತ್ತರ ವೇಗದಲ್ಲಿ ಕ್ರಮಿಸಬಹುದು. ಅದು ಎರೆಹೊಲದ ಬಯಲು ಸೀಮೆ. ಮರ ಗುಡ್ಡಗಳ ತಡೆಯಿಲ್ಲದೆ ಗಾಳಿ ಬೀಸುವ ನಾಡು. ಗದಗು ಜಿಲ್ಲೆಯ ಗಾಳಿಯಂತ್ರಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಆಷಾಢದಲ್ಲಿ ಎದುರುಗಾಳಿಗೆ ಸಿಕ್ಕು ಗಾಡಿ ಓಡಿಸಿ ಇಳಿದಾಗ ಕಿವಿಯಲ್ಲಿ ಜುಯ್ಯೆಂಬ ನಾದ ಉಳಿದಿರುತ್ತಿತ್ತು. ರಾತ್ರಿ ಮಲಗುವ ಹೊತ್ತಿಗೆ ತಾನಾಗಿ ಶಮನವಾಗುತ್ತಿತ್ತು. ಆದ್ದರಿಂದ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಆ ನಾದವು ಕಿವಿಯು ಇಟ್ಟ ಮೊರೆಯೆಂದು ನಮಗೆ ಆಗ ತಿಳಿಯಲಿಲ್ಲ.

ಸದ್ದೆಂದರೆ ಇಂಜಿನ್ನಿನದೆಂದು ನಾವೆಲ್ಲ ತಿಳಿದಿದ್ದೇವೆ. ಅದು ತಪ್ಪು. ವೇಗ ಅರುವತ್ತೈದರ ಆಸುಪಾಸು ದಾಟಿತೆಂದರೆ ಸವಾರನ ಕಿವಿಗೆ ಇಂಜಿನ್ನಿನ ಸದ್ದಿಗಿಂತ ಗಾಳಿಯ ಸದ್ದೇ ಮಿಗಿಲು. ಗಾಳಿಯು ಹೆಲ್ಮೆಟ್ಟಿನ ಮೈಗೆ ಬಡಿದು, ಅಂಚುಗಳಲ್ಲಿ ಸುಳಿಸುಳಿಯಾಗಿ ಮುರಿದು, ಮುಖ್ಯವಾಗಿ ಗದ್ದದ ಕೆಳಗಿನ ತೆರವಿನಿಂದ ಒಳನುಗ್ಗುತ್ತದೆ. ಹೆಲ್ಮೆಟ್ಟು ತಲೆಯನ್ನು ಕಾಯುತ್ತದೆಯೇ ಹೊರತು ಕಿವಿಯನ್ನಲ್ಲ. ನೂರರ ವೇಗದಲ್ಲಿ ಅದರೊಳಗಿನ ಸದ್ದು ಸುಮಾರು 95 ಡೆಸಿಬೆಲ್ ಮುಟ್ಟುತ್ತದೆ. ಕಿವಿಯ ಸಹನೆಗೆ ಒಂದು ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯು ಹಾಕಿಕೊಟ್ಟಂತೆ 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಮೂರು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುವುದರಿಂದ ಅವಧಿ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಹದಿನೈದೇ ನಿಮಿಷ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ನಾಳವಿದೆ; ಅದರಲ್ಲಿ ಹದಿನೈದು ಸಾವಿರದಷ್ಟು ಸೂಕ್ಷ್ಮ ರೋಮಕೋಶಗಳಿವೆ. ಕಡಿದ ಕೂದಲು ಬೆಳೆಯುತ್ತದೆ, ಸುಲಿದ ಚರ್ಮ ಕೂಡುತ್ತದೆ. ಆದರೆ ಮನುಷ್ಯನಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

"ಹೋದದ್ದನ್ನು ತರಲು ನನ್ನಲ್ಲಿ ಔಷಧವಿಲ್ಲ. ಉಳಿದದ್ದನ್ನು ಕಾಯುವುದು ನಿಮ್ಮ ಕೈಯಲ್ಲಿದೆ," ಎಂದು ವೈದ್ಯರು ಮೇಜಿನ ಖಾನೆಯಿಂದ ಹಳದಿ ಬಣ್ಣದ ಎರಡು ಮೆತ್ತನೆಯ ತುಂಡುಗಳನ್ನು ತೆಗೆದುಕೊಟ್ಟರು. ಇಯರ್ ಪ್ಲಗ್ಗುಗಳವು. ನಮ್ಮ ಮನಸ್ಸು ಒಪ್ಪಲಿಲ್ಲ. ಶ್ರವಣವನ್ನೇ ಸಾಧನೆಯೆಂದು ನಂಬಿದವರು ಕಿವಿಗೆ ಬೆಣೆ ಬಡಿದುಕೊಳ್ಳುವುದೇ? ಕಂಡವರು ಏನೆಂದಾರು? ಅರಳೆ ಇಟ್ಟುಕೊಂಡರೆ ಸಾಲದೇ ಎಂದು ಕೇಳಿದೆವು. ಅರಳೆಯು ಚಳಿಯನ್ನು ತಡೆದೀತು, ಸದ್ದನ್ನು ತಡೆಯುವುದು ಅತ್ಯಲ್ಪ ಎಂದರು. ನಮ್ಮ ರೈತರು ತಲೆಗೆ ಕಿವಿಗೆ ಸುತ್ತುವ ಟವೆಲ್ಲಿನ ಗತಿಯೂ ಅದೇ.

ಈ ಉಪಾಯವೇನೂ ನಿನ್ನೆಯದಲ್ಲ. ಗ್ರೀಕರ ಹೋಮರನ ಕಾವ್ಯದಲ್ಲಿ ಮೋಹಕ ಗಾನದ ಅಪಾಯವನ್ನು ದಾಟಲು ನಾವಿಕರ ಕಿವಿಗೆ ಜೇನುಮೇಣ ತುಂಬಿದ ಪ್ರಸಂಗವಿದೆ. ಜರ್ಮನಿಯ ಮ್ಯಾಕ್ಸ್ ನೆಗ್ವೆರ್ ಎಂಬ ಔಷಧ ತಯಾರಕ 1907ರಲ್ಲಿ ಮೇಣ ಹತ್ತಿಗಳಿಂದ ಇಂಥ ಬೆಣೆ ಮಾಡಿ 'ಕಿವಿಯ ಶಾಂತಿ' ಎಂಬರ್ಥದ ಹೆಸರಿಟ್ಟ. ಒತ್ತಿದರೆ ಸಣ್ಣದಾಗಿ ಮೆಲ್ಲನೆ ಉಬ್ಬುವ ಈಗಿನ ಫೋಮು ಅಮೆರಿಕದಲ್ಲಿ 1970ರ ದಶಕದಲ್ಲಿ ಬಳಕೆಗೆ ಬಂದಿತು. ಒಂದು ಜೊತೆಗೆ ಒಂದೆರಡು ಕಪ್ಪು ಚಹಾದ ಬೆಲೆ.

ಮೊದಲ ದಿನ ಊರ ಹೊರಗೆ ಗಾಡಿ ನಿಲ್ಲಿಸಿ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ತೊಟ್ಟೆವು. ಲೋಕವೇ ದೂರ ಸರಿದಂತಾಯಿತು. ನಮ್ಮ ಉಸಿರು ನಮಗೇ ಕೇಳಿಸಿ ತುಸು ಭಯವೂ ಆಯಿತು. ಆದರೆ ವೇಗ ಎಂಬತ್ತಕ್ಕೆ ಏರಿದಾಗ ಅನಿರೀಕ್ಷಿತವಾದುದು ನಡೆಯಿತು. ಮೂವತ್ತು ವರ್ಷ ಜೊತೆಗಿದ್ದ ಆ ಭೋರ್ಗರೆತ ಅಡಗಿ, ಅದರ ಕೆಳಗೆ ಹೂತುಹೋಗಿದ್ದ ಇಂಜಿನ್ನಿನ ಮಿಡಿತ, ಸಡಿಲಗೊಂಡ ಚೈನಿನ ಕಿರಿಕಿರಿ ಬೇರೆಬೇರೆಯಾಗಿ ಕೇಳಿಬಂದವು. ಹಿಂದಿನಿಂದ ಬಂದ ಲಾರಿಯ ಹಾರನ್ನು ಸ್ಪಷ್ಟವಾಗಿ ಕೇಳಿಸಿತು. ಅಂದು ಪ್ರವಚನದ ಊರು ಮುಟ್ಟಿದಾಗ ತಲೆ ಹಗುರವಾಗಿತ್ತು. ಸಭೆ ಮುಗಿದ ಮೇಲೆ ಹಿರಿಯ ಭಕ್ತರೊಬ್ಬರು, "ಶಾಸ್ತ್ರಿಗಳೇ, ಇವತ್ತ ಭಾಳ ಸಮಾಧಾನದಿಂದ ಹೇಳಿದ್ರಿ. ಮೊದಲೆಲ್ಲಾ ಬೈದಂಗ ಅನಸ್ತಿತ್ತು," ಎಂದರು. ಕಿವಿ ಮಂದವಾದಾಗ ನಮಗರಿಯದೆಯೇ ಮೈಕಿನ ಮುಂದೆ ಕೂಗುತ್ತಿದ್ದೆವೆಂದು ಅಂದು ತಿಳಿಯಿತು.

ಕಿವಿ ಮುಚ್ಚಿದರೆ ಹಾರನ್ನು ಕೇಳಿಸದೆ ಅಪಘಾತವಾಗದೇ ಎಂದು ಅನೇಕರು ನಮ್ಮನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಪ್ಲಗ್ಗು ಎಲ್ಲ ಸದ್ದನ್ನೂ ತಗ್ಗಿಸುತ್ತದೆ, ಯಾವುದನ್ನೂ ಪೂರ್ತಿ ಅಳಿಸುವುದಿಲ್ಲ. ಗಾಳಿಯೂ ಹಾರನ್ನೂ ಒಟ್ಟಿಗೆ ತಗ್ಗುವುದರಿಂದ ಅವುಗಳ ನಡುವಣ ಅಂತರ ಬಹುಮಟ್ಟಿಗೆ ಉಳಿಯುತ್ತದೆ. ಪೊಟ್ಟಣದ ಮೇಲೆ 30 ಡೆಸಿಬೆಲ್ ಎಂದು ಬರೆದಿದ್ದರೂ ಬಳಕೆಯಲ್ಲಿ ಅಷ್ಟು ದೊರೆಯುವುದು ವಿರಳ. 15 ದೊರೆತರೂ 95ರ ಸದ್ದು 80ಕ್ಕೆ ಇಳಿಯಿತು. ಆದರೆ ಇದು ಹೆದ್ದಾರಿಯ ಮಾತು. ಪೇಟೆಯ ನಿಧಾನದ ಓಡಾಟದಲ್ಲಿ ಗಾಳಿಯ ಸದ್ದೇ ಇರುವುದಿಲ್ಲವಾದ್ದರಿಂದ ನಾವು ಅಲ್ಲಿ ತೆಗೆದಿಡುತ್ತೇವೆ. ಕಿವಿ ಈಗಾಗಲೇ ಬಹಳ ಮಂದವಾಗಿರುವವರು, ಕಿವಿ ಸೋರುವವರು, ತಮಟೆ ಹರಿದವರು ವೈದ್ಯರನ್ನು ಕೇಳದೆ ಬಳಸಬಾರದು.

ತೊಡುವುದಕ್ಕೂ ಕ್ರಮವಿದೆ. ಕೈ ತೊಳೆದು, ಬೆರಳುಗಳ ನಡುವೆ ಫೋಮನ್ನು ಬತ್ತಿಯಂತೆ ತೆಳ್ಳಗೆ ಹೊಸೆಯಬೇಕು. ಮತ್ತೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರೆ ಒಳದಾರಿ ನೆಟ್ಟಗಾಗುತ್ತದೆ. ಆಗ ಸೇರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೊರಗೆ ಚಾಚಿಕೊಂಡಿದ್ದರೆ ಸರಿಯಾಗಿ ಕೂತಿಲ್ಲವೆಂದೇ ಅರ್ಥ. ತೆಗೆಯುವಾಗ ಮೆಲ್ಲನೆ ತಿರುವಿ ತೆಗೆಯಬೇಕು. ಕೊಳೆಯಾದದ್ದನ್ನು ಎಸೆಯಬೇಕು, ಒಬ್ಬರದನ್ನು ಮತ್ತೊಬ್ಬರು ಬಳಸಬಾರದು.

ತರುಣರಿಗೆ ಒಂದು ಮಾತು. ಹೆಲ್ಮೆಟ್ಟಿನೊಳಗೆ ಇಯರ್ ಫೋನು ಸೇರಿಸಿ ಹಾಡು ಕೇಳುವುದು ಇದಕ್ಕೆ ಬದಲಲ್ಲ. ಗಾಳಿಯ ಸದ್ದನ್ನು ಮೀರಿಸಲು ಹಾಡನ್ನು ಏರಿಸುತ್ತೀರಿ. ಲಕ್ಷ್ಯವೂ ರಸ್ತೆಯಿಂದ ಜಾರುತ್ತದೆ. 2050ರ ಹೊತ್ತಿಗೆ ಲೋಕದ ನಾಲ್ವರಲ್ಲಿ ಒಬ್ಬರಿಗೆ ಯಾವುದಾದರೂ ಪ್ರಮಾಣದ ಶ್ರವಣದೋಷ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ವರದಿಯಲ್ಲಿ ಎಚ್ಚರಿಸಿದೆ. ಸಂದೇಹವಿದ್ದವರು ಪರೀಕ್ಷೆಗೆ ಹಿಂಜರಿಯಬಾರದು. ನಮ್ಮ ಮೈಸೂರಿನಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮನೆಯ ತಾಯಂದಿರು ಮಗನ ಹೆಲ್ಮೆಟ್ಟು ತೂಗುಹಾಕುವ ಗೂಟದ ಪಕ್ಕದಲ್ಲಿಯೇ ಪ್ಲಗ್ಗಿನ ಪುಟ್ಟ ಡಬ್ಬಿಯೊಂದನ್ನು ಇಡಲಿ.

ಇನ್ನು ಆ ಹುಡುಗನ ಮಾತು. ವೈದ್ಯರನ್ನು ಕಂಡು ಬಂದ ಮರುದಿನ ಎಲ್ಲ ವಿದ್ಯಾರ್ಥಿಗಳ ಎದುರಿನಲ್ಲಿಯೇ ಅವನನ್ನು ಕರೆದು, "ತಪ್ಪು ನಿನ್ನ ನಾಲಗೆಯದಲ್ಲ, ನಮ್ಮ ಕಿವಿಯದು," ಎಂದೆವು. ಅವನು ಏನೂ ಹೇಳದೆ ಕಾಲಿಗೆರಗಿದ. ನಮಗೆ ಶ್ರವಣಯಂತ್ರ ಬಂದಿದೆ. ಮೊಮ್ಮಗಳ ದನಿ ಈಗ ಕೇಳಿಸುತ್ತದೆ. ಆದರೂ ಅಕ್ಷರಗಳ ಸೂಕ್ಷ್ಮ ಪೂರ್ತಿ ಮರಳಲಿಲ್ಲ. ಈಗ ಬೆಳಗಿನ ಪಾಠದಲ್ಲಿ ಆ ಹುಡುಗನನ್ನು ನಮ್ಮ ಪಕ್ಕದಲ್ಲಿಯೇ ಕೂರಿಸಿಕೊಳ್ಳುತ್ತೇವೆ. ಯಾರಾದರೂ ಶಕಾರದಲ್ಲಿ ಎಡವಿದರೆ ಅವನ ಬೆರಳು ಮೇಲೇಳುತ್ತದೆ. ನಾವು ಅದನ್ನು ನೋಡಿ ಪಾಠ ನಿಲ್ಲಿಸುತ್ತೇವೆ.