ಹೆಬ್ಬಾಳದ ಸ್ವರ್ಣಧಾರೆ

ಬೆಂಗಳೂರಿನ ಉತ್ತರಕ್ಕಿರುವ ಹೆಬ್ಬಾಳಕ್ಕೆ ನಾನು ಹೋದುದು ನನ್ನ ವಿಧವೆ ತಂಗಿಯ ನಿಮಿತ್ತ. ಹಿತ್ತಿಲ ನಾಟಿಕೋಳಿಗಳ ಮೊಟ್ಟೆ ಮಾರಿ ಮಗನ ಓದಿನ ವೆಚ್ಚ ತೂಗಿಸುತ್ತಿದ್ದಳು, ಅದು ಸಾಲದಾಗಿತ್ತು.

ಅಲ್ಲಿಯ ಕೋಳಿತಜ್ಞರು 1989ರಲ್ಲಿ ಗಿರಿರಾಜವನ್ನೂ 2005ರಲ್ಲಿ ಸ್ವರ್ಣಧಾರೆಯನ್ನೂ ಹೊರತಂದರು. ನಾಟಿಕೋಳಿ ವರ್ಷಕ್ಕೆ 50–60 ಮೊಟ್ಟೆಯಿಟ್ಟರೆ ಈ ಮಿಶ್ರತಳಿಯದು ಸುಮಾರು 180. ಹೆಸರಿಟ್ಟವರು ಸಂಸ್ಕೃತ ಬಲ್ಲವರಿರಬೇಕೆಂದು ಒಳಗೊಳಗೇ ಹರ್ಷಪಟ್ಟೆನು.

ಆದರೆ ಮರಿ ಕೊಟ್ಟಾತನು ಎರಡು ಮಾತು ತಿಳಿಸಿದನು. ಈ ಹೇಟೆ ಕಾವಿಗೆ ಕೂರುವುದು ಅಪರೂಪ. ಬೇರೊಂದರ ಅಡಿಯಲ್ಲಿಟ್ಟು ಮರಿಮಾಡಿಸಿದರೂ ತಾಯಿಯ ಗುಣ ಸಂತತಿಗೆ ಪೂರ್ತಿಯಾಗಿ ಇಳಿಯದು. ಮರಿ ಬೇಕಾದಾಗಲೆಲ್ಲ ಇಲ್ಲಿಗೇ ಬರಬೇಕು.

ಅಂದೇ ಒಡೆದ ಹನ್ನೆರಡು ಮರಿಗಳನ್ನು ತೂತುಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಸ್ಸು ಹತ್ತಿದೆನು. ದಾರಿಯುದ್ದಕ್ಕೂ ಕಿಚಿಕಿಚಿ, ಸಹಪ್ರಯಾಣಿಕರ ಕಣ್ಣೆಲ್ಲ ಈ ಮುದಿಮೇಷ್ಟರ ಮಡಿಲ ಮೇಲೆ. ಮನೆ ಸೇರುವಷ್ಟರಲ್ಲಿ ಒಂದು ಸತ್ತಿತ್ತು.

ತಂಗಿ ಎಲ್ಲವನ್ನೂ ಕೇಳಿ, “ಹಾಗಾದರೆ ನಾಟಿಯನ್ನು ಪೂರಾ ಮಾರುವುದಿಲ್ಲ, ಅಣ್ಣಯ್ಯ” ಎಂದಳು. ಹಳೆಯ ಹೇಟೆಯೊಂದು ಮೂರು ವಾರಗಳಿಂದ ಬುಟ್ಟಿಯಲ್ಲಿ ಕಾವಿಗೆ ಕುಳಿತಿತ್ತು, ಮೊಟ್ಟೆಗಳೆಲ್ಲ ಕೆಟ್ಟಿದ್ದವು. ರಾತ್ರಿ ದೀಪವಾರಿಸಿ, ಅವನ್ನು ತೆಗೆದು ಮರಿಗಳನ್ನು ಒಂದೊಂದಾಗಿ ಅದರ ರೆಕ್ಕೆಯಡಿ ಸರಿಸಿದಳು. ನನಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ನೋಡಿದರೆ, ಹೇಟೆಯು ಕೊಕ್ಕೊಕ್ಕೆನ್ನುತ್ತ ತಿಪ್ಪೆ ಕೆದರುತ್ತಿದೆ. ಹನ್ನೊಂದೂ ಅದರ ಬೆನ್ನಹಿಂದೆ.