ಯಾವ ಪುಸ್ತಕ, ಯಾವ ವರ್ಷದ್ದು

ಜುಲೈ 1, 2025, ಮಂಗಳವಾರ

ಬೆಳಗಿನಿಂದ ಜಡಿಮಳೆ. ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಒಂದು ಕುರ್ಚಿಯೂ ಖಾಲಿಯಿಲ್ಲ. ಎಲ್ಲರೂ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರು. ಅವರವರ ಗೈಡು, ಅವರವರ ನೀರಿನ ಬಾಟಲಿ. ಕಪಾಟು ತೆಗೆಸಿದವನು ಒಬ್ಬನೇ. ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಬೇಕಂತೆ. ಫೋನಿನಲ್ಲಿ ಒಂದೊಂದು ಕಡೆ ಒಂದೊಂದು ಸಂಖ್ಯೆ ಕಂಡು ಗಲಿಬಿಲಿಗೊಂಡಿದ್ದ. 2011ರ ಜನಗಣತಿ ಕೈಪಿಡಿ ಬಿಚ್ಚಿ ತೋರಿಸಿದೆ: 17,52,753. ಮನೆಮನೆಗೆ ಹೋಗಿ ಎಣಿಸಿದ್ದು ಇದು, ಆಮೇಲಿನವೆಲ್ಲ ಅಂದಾಜು.

‘ಇಷ್ಟು ಹಳೇದಾ ಮೇಡಂ?’

2021ರದು ನಡೆಯಲೇ ಇಲ್ಲವಲ್ಲ. ಹೋದ ತಿಂಗಳು ಅಧಿಸೂಚನೆ ಹೊರಟಿದೆ, 2027ರ ಮಾರ್ಚ್ 1ರ ಲೆಕ್ಕಕ್ಕೆ. ಸಂಖ್ಯೆ ಬರೆದುಕೊಂಡ. ಪಕ್ಕದಲ್ಲಿ ‘2011’ ಎಂದೂ ಬರೆಸಿದೆ.

ಜುಲೈ 3, ಗುರುವಾರ

ಮೇಲಿನವರಿಂದ ಮಾತು ಬಂದಿದೆ. ಇನ್ನೂ ಕಾಗದದಲ್ಲಿಲ್ಲ. ಈ ಕೋಣೆಯನ್ನು ಪೂರ್ತಿ ಪರೀಕ್ಷಾರ್ಥಿಗಳಿಗೆ ಬಿಟ್ಟು, ಪರಾಮರ್ಶನ ಗ್ರಂಥಗಳನ್ನು ಹಿಂದಿನ ಉಗ್ರಾಣಕ್ಕೆ ಸಾಗಿಸುವುದು. ‘ಯಾರು ನೋಡ್ತಾರೆ ಅವನ್ನ?’

ಹುಡುಗರಿಗೆ ಜಾಗ ಬೇಕು, ಅದೂ ನಿಜ. ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಇರುವವರು ಎಲ್ಲಿ ಕೂತು ಓದಬೇಕು? ಏನೂ ಹೇಳಲಾಗಲಿಲ್ಲ.

ಜುಲೈ 4, ಶುಕ್ರವಾರ

ಶಿಕಾರಿಪುರದ ಆಚೆಯ ಹಳ್ಳಿಯಿಂದ ಒಬ್ಬ ಯಜಮಾನರು. ಛತ್ರಿಯಿಂದ ನೀರು ಸುರಿಯುತ್ತಿತ್ತು, ಒಳಗೆ ಬರಲು ಹಿಂಜರಿದರು. ‘ನಮ್ಮೂರಿನ ಕಲ್ಲು ಪುಸ್ತಕದಾಗೆ ಐತೇನ್ರಮ್ಮಾ?’ ಮೊಮ್ಮಗ ಫೋನಿನಲ್ಲಿ ಹುಡುಕಿದನಂತೆ, ಊರಿನ ಪಿನ್‌ಕೋಡ್ ಬಿಟ್ಟು ಮತ್ತೇನೂ ಸಿಗಲಿಲ್ಲ.

ಎಪಿಗ್ರಾಫಿಯ ಕರ್ನಾಟಿಕ, ರೈಸ್ ಅವರದು, ಏಳನೆಯ ಸಂಪುಟ, 1902. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಇದರಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟರಲ್ಲಿ. ತಾಲ್ಲೂಕು ಗೊತ್ತಿಲ್ಲದಿದ್ದರೆ ಈ ಪುಸ್ತಕ ಬಾಯಿ ಬಿಡುವುದಿಲ್ಲ. ಗೊತ್ತಿದ್ದರೆ ಹತ್ತು ನಿಮಿಷದ ಕೆಲಸ. ಸಿಕ್ಕಿತು. ಕೆರೆಯ ಹತ್ತಿರದ ಕಲ್ಲು, ಕೆರೆಗೆ ಗದ್ದೆ ಬಿಟ್ಟದ್ದು. ಕನ್ನಡ ಪಾಠವನ್ನು ಜೋರಾಗಿ ಓದಿದೆ. ಊರಿನ ಹೆಸರು ಬಂದಾಗ ಅವರು ಕೈ ಮುಗಿದರು. ಪುಸ್ತಕಕ್ಕೋ, ಊರಿಗೋ.

ರಾತ್ರಿ

ಗದ್ದೆ ಎಷ್ಟು ಎಕರೆ ಅಂತ ಕೇಳಿದ್ದರು. ಶಾಸನದಲ್ಲಿರುವುದು ಮತ್ತರು ಲೆಕ್ಕ. ಕಿಟೆಲ್ ನೋಡಿದೆ, ಪರಿಷತ್ತಿನ ನಿಘಂಟೂ ನೋಡಿದೆ. ನಿಘಂಟು ಇದು ನೆಲದ ಅಳತೆ ಅನ್ನುತ್ತದೆ, ಯಾವ ಯಾವ ಕಾಲದಲ್ಲಿ ಬಳಕೆಯಾಯಿತೆಂದು ತೋರಿಸುತ್ತದೆ. ಎಕರೆ ಕೇಳಬೇಕಾದ್ದು ಅದರ ಹತ್ತಿರವಲ್ಲ. ಮತ್ತರು ಊರಿಂದೂರಿಗೆ ಬೇರೆ, ಅಳೆಯುವ ಗಳೆ ಬದಲಾದರೆ ಮತ್ತರೂ ಬದಲು. ‘ಖಚಿತವಾಗಿ ಹೇಳಲಾಗದು’ ಎನ್ನುವುದೇ ಇಲ್ಲಿ ಸರಿಯಾದ ಉತ್ತರ. ಅಷ್ಟು ದೂರದಿಂದ ಬಂದವರಿಗೆ ಅದನ್ನು ಹೇಳುವುದು ಕಷ್ಟ.

ಜುಲೈ 6, ಭಾನುವಾರ

ಶಾಸನದ ಕಾಲ ತಲೆಯಲ್ಲೇ ಕೂತಿದೆ. ಶಕ 1080, ಬಹುಧಾನ್ಯ ಸಂವತ್ಸರ, ಪುಷ್ಯ ಮಾಸ, ಉತ್ತರಾಯಣ ಸಂಕ್ರಮಣ. 78 ಕೂಡಿಸಿದರೆ 1158. ಆದರೆ ಪುಷ್ಯ ಬಂದರೆ ಎಚ್ಚರ ಬೇಕು, ವರ್ಷ ದಾಟಿ 1159ರ ಜನವರಿಗೆ ಬೀಳಬಹುದು. ಸ್ವಾಮಿಕಣ್ಣು ಪಿಳ್ಳೈ ಅವರ ಇಂಡಿಯನ್ ಎಫೆಮೆರಿಸ್ (1922) ಇರುವುದೇ ಇದಕ್ಕೆ: 700ರಿಂದ 1799ರವರೆಗಿನ ತಿಥಿ, ವಾರ, ತಾರೀಖು. ಸಂಕ್ರಮಣ ಎಂದೊಡನೆ ನಮಗೆ ಜನವರಿ 14 ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ, ಆಗಿನ ಜೂಲಿಯನ್ ಲೆಕ್ಕದಲ್ಲಿ, ಅದು ಡಿಸೆಂಬರ್ 24–25ರ ಸುಮಾರು. ಹಾಗಾದರೆ 1158ರ ಡಿಸೆಂಬರ್.

ಇಂಥ ಸಂಜೆಗಳಿಗಾಗಿಯೇ ಈ ಕೆಲಸಕ್ಕೆ ಸೇರಿದೆ ಅನ್ನಿಸುತ್ತದೆ. ಪುಟಗಳು ಮುಟ್ಟಿದರೆ ಮುರಿಯುವಂತಾಗಿವೆ. ಇದನ್ನು ಉಗ್ರಾಣಕ್ಕೆ ಹಾಕಿದರೆ ಒಂದು ಮಳೆಗಾಲವೂ ತಡೆಯದು.

ಜುಲೈ 10, ಗುರುವಾರ

ಎಂ.ಎ. ವಿದ್ಯಾರ್ಥಿನಿ. ಹಲ್ಮಿಡಿ ಶಾಸನವನ್ನು ಅದೇ ರೈಸ್ ಮಾಲೆಯ ಐದನೆಯ ಸಂಪುಟದಲ್ಲಿ, ಹಾಸನ ಜಿಲ್ಲೆಯದರಲ್ಲಿ, ಹುಡುಕಿ ಸೋತಿದ್ದಾಳೆ. ಬೇಲೂರು ತಾಲ್ಲೂಕಿನ ಊರು, ಇರಲೇಬೇಕು ಎಂದು ಅವಳ ವಾದ. ಮುಖಪುಟದ ಹಿಂದಿನ ವರ್ಷ ನೋಡಮ್ಮ ಎಂದೆ. ಸಂಪುಟ 1902ರದು. ಎಂ.ಎಚ್. ಕೃಷ್ಣ ಅವರಿಗೆ ಆ ಕಲ್ಲು ಸಿಕ್ಕಿದ್ದು 1936ರಲ್ಲಿ. ಮೈಸೂರು ಪುರಾತತ್ತ್ವ ಇಲಾಖೆಯ ಆ ವರ್ಷದ ವರದಿ ನೋಡಬೇಕು.

ತಾಳಗುಂದದ ಉತ್ಖನನದಲ್ಲಿ ಸಿಕ್ಕ ಕನ್ನಡ ಶಾಸನದ ಬಗ್ಗೆಯೂ ಕೇಳಿದಳು, ಹಲ್ಮಿಡಿಗಿಂತ ಹಳೆಯದೆಂದು ಹೇಳುತ್ತಾರಲ್ಲ, ಅದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಹದಿನಾಲ್ಕು ಸಂಪುಟ, ಕೊನೆಯದೇ 2004ರದು. ಉತ್ಖನನ ಆಮೇಲಿನದು, ವಿಶ್ವಕೋಶದಲ್ಲಿ ಹೇಗೆ ಇದ್ದೀತು? ವಿಶ್ವಕೋಶದಿಂದ ಶುರು ಮಾಡಬೇಕು, ಅಲ್ಲಿಗೇ ನಿಲ್ಲಬಾರದು, ಇತ್ತೀಚಿನದಕ್ಕೆ ನಿಯತಕಾಲಿಕೆ. ಎರಡು ಗಂಟೆ ಕೂತು ಓದಿದಳು. ಒಳ್ಳೆಯ ದಿನ.

ಜುಲೈ 15, ಮಂಗಳವಾರ

ನಿನ್ನೆ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಅವರೇ. ಹೈಸ್ಕೂಲಿನ ಮಕ್ಕಳು ಶ್ರದ್ಧಾಂಜಲಿ ಫಲಕಕ್ಕೆ ವಿವರ ಕೇಳಿಕೊಂಡು ಬಂದರು. ನಿನ್ನೆಯ ಸಾವಿಗೆ ಇವತ್ತಿನ ಪತ್ರಿಕೆಯೇ ಬೇಕು. ಹುಟ್ಟಿದ ವರ್ಷ, ಪ್ರಶಸ್ತಿಯ ವರ್ಷ ಅವಸರದಲ್ಲಿ ತಪ್ಪುವುದುಂಟು, ಎರಡು ಕಡೆ ಹೋಲಿಸಿ ಎಂದೆ. ಜನನ 1938, ‘ಮಹಾಕವಿ ಕಾಳಿದಾಸ’ 1955, ಪದ್ಮಶ್ರೀ 1969, ಪದ್ಮಭೂಷಣ 1992. ಚಿತ್ರ ಅಂಟಿಸಿ ಹೊರಟರು.

ಅಮ್ಮನಿಗೆ ಅವರ ‘ಕಿತ್ತೂರು ಚೆನ್ನಮ್ಮ’ ತುಂಬಾ ಇಷ್ಟವಾಗಿತ್ತು. ಮನಸ್ಸು ಭಾರ.

ಜುಲೈ 16, ಬುಧವಾರ

ಯಜಮಾನರು ಮತ್ತೆ ಬಂದರು. ಪ್ರತಿ ಮಾಡಿಸಿಟ್ಟ ಹಾಳೆ ಕೊಟ್ಟೆ, 1158 ಎಂದೆ. ತಲೆಯಾಡಿಸಿದರು, ಆದರೆ ಹೊರಡಲಿಲ್ಲ. ಕೊನೆಗೆ ವಿಷಯ ಬಂತು. ಕೆರೆಯಂಗಳವನ್ನು ಯಾರೋ ಒತ್ತುವರಿ ಮಾಡಿ ಬೇಲಿ ಹಾಕಿದ್ದಾರೆ. ಈ ಹಾಳೆ ತೋರಿಸಿದರೆ ಬಿಟ್ಟುಕೊಡುತ್ತಾರೇನೋ ಎಂಬ ಆಸೆ.

ಮೊದಲ ದಿನವೇ ಯಾಕೆ ಬೇಕು ಎಂದು ಕೇಳಿದ್ದರೂ ಹೇಳುತ್ತಿದ್ದರೋ ಇಲ್ಲವೋ. ಜನ ನಿಜವಾದ ಪ್ರಶ್ನೆಯನ್ನು ಕೊನೆಗೇ ಹೊರತೆಗೆಯುತ್ತಾರೆ. ಗ್ರಂಥಾಲಯಶಾಸ್ತ್ರದ ರಂಗನಾಥನ್ ಪರಾಮರ್ಶನ ಸೇವೆಯನ್ನು ತಕ್ಷಣದ್ದು, ದೀರ್ಘವಾದದ್ದು ಎಂದು ವಿಂಗಡಿಸಿದರು. ಒಂದರಂತೆ ಬಂದದ್ದು ಹೀಗೆ ಇನ್ನೊಂದಾಗುತ್ತದೆ.

ಶಾಸನ ಕೆರೆ ಎಷ್ಟು ಹಳೆಯದೆಂದು ಹೇಳುತ್ತದೆ, ಬೇಲಿ ಎಲ್ಲಿರಬೇಕೆಂದು ಹೇಳುವುದಿಲ್ಲ. ಅದಕ್ಕೆ ಗ್ರಾಮ ನಕಾಶೆ, ಆಕಾರ್‌ಬಂದ್, ಪಹಣಿ. ನಮ್ಮಲ್ಲಿಲ್ಲ, ಮೊದಲೆರಡನ್ನು ಸರ್ವೆ ಕಚೇರಿಯಲ್ಲಿ, ಪಹಣಿಯನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು. ಒಂದು ಚೀಟಿಯಲ್ಲಿ ಮೂರರ ಹೆಸರೂ ಬರೆದು, ಸರ್ವೆ ನಂಬರ್ ಬರೆಯಲು ಜಾಗ ಬಿಟ್ಟು ಕೊಟ್ಟೆ. ‘ಹಂಗಾರೆ ಇದು?’ ಎಂದು ಶಾಸನದ ಹಾಳೆ ತೋರಿಸಿದರು. ಇಟ್ಟುಕೊಳ್ಳಿ, ಊರಿನವರಿಗೆ ಓದಿ ಹೇಳಿ ಎಂದೆ. ಸಮಾಧಾನವಾಯಿತೋ ಇಲ್ಲವೋ ತಿಳಿಯಲಿಲ್ಲ. ನನಗಂತೂ ಆಗಲಿಲ್ಲ.

ಜುಲೈ 18, ಶುಕ್ರವಾರ

ಕೋಣೆಯ ವಿಷಯವಾಗಿ ಮೇಲಿನವರಿಗೆ ಪತ್ರ ಬರೆದು ಮುಗಿಸಿದೆ. ಬೇಡಿಕೆ ಇಷ್ಟೇ: ಮೇಜು, ಕುರ್ಚಿ ಎಲ್ಲವನ್ನೂ ಪರೀಕ್ಷೆಯವರಿಗೆ ಕೊಡಿ. ಗೋಡೆಯ ಪಕ್ಕದ ಕಪಾಟುಗಳು, ಒಂದು ಮೇಜು, ಕೇಳಿದವರಿಗೆ ಪುಸ್ತಕ ತೆಗೆದು ತೋರಿಸಲು ಒಬ್ಬರು, ಇವು ಇದೇ ಕೋಣೆಯಲ್ಲಿ ಉಳಿಯಬೇಕು. ಉಗ್ರಾಣಕ್ಕೆ ಹೋದ ಪುಸ್ತಕವನ್ನು ಯಾರೂ ಕೇಳುವುದಿಲ್ಲ, ಅದು ಇದೆ ಎಂದೇ ಅವರಿಗೆ ಗೊತ್ತಾಗುವುದಿಲ್ಲ. ನಾಳೆ ಕೊಡುತ್ತೇನೆ.