ಮಾವನ ನೈಟ್‌ಲೈಫ್

ಬೆಂಗಳೂರಲ್ಲಿ ಮನೆ ಮಾಡಿದವನಿಗೆ ಬಾಡಿಗೆ, ನೀರಿನ ಬಿಲ್ಲಿನ ಜೊತೆಗೆ ಇನ್ನೊಂದು ಕಂದಾಯವೂ ಇದೆ: ಬಂದ ನೆಂಟರಿಗೆಲ್ಲ ಊರು ತೋರಿಸುವುದು. ನನ್ನ ಪಟ್ಟಿ ಬಾಯಿಪಾಠವಾಗಿದೆ. ಬೆಳಿಗ್ಗೆ ಲಾಲ್‌ಬಾಗಿನ ಬಂಡೆ. ಸುಮಾರು 300 ಕೋಟಿ ವರ್ಷದ್ದು ಎಂದರೆ ನೆಂಟರು ಒಮ್ಮೆ ಕೆಳಗೆ ನೋಡಿ, ಸದ್ಯ ಬೀಳಲಾರದು ಎಂದು ಕೂರುತ್ತಾರೆ. ಆಮೇಲೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ. 1943ರಿಂದ ನಡೆಯುತ್ತಿರುವ ಹೋಟೆಲು. ತೋಳುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಮಾಣಿ ಬರುವುದನ್ನು ಕಂಡರೆ ಕಾದ ಸಿಟ್ಟು ಇಳಿಯುತ್ತದೆ. ಶುಕ್ರವಾರ ಬಂದ ನೆಂಟರಿಗೆ ಆ ಭಾಗ್ಯವಿಲ್ಲ, ಅಂದು ರಜೆ. ಸಂಜೆ ವಿಧಾನಸೌಧದ ಮುಂದೆ ಫೋಟೊ, ರಾತ್ರಿ ವಿ.ವಿ. ಪುರದ ತಿಂಡಿಬೀದಿಯಲ್ಲಿ ಬಿಸಿ ಹೋಳಿಗೆ. ಚರ್ಚ್‌ಸ್ಟ್ರೀಟಿನ ಬಿಯರೂ ಪಟ್ಟಿಯಲ್ಲಿದೆ. ಜೊತೆಗೆ ಅತ್ತೆ ಇದ್ದರೆ ಆ ಸಾಲು ಓದುವುದಿಲ್ಲ.

ಹೋದ ತಿಂಗಳು ಚಿಕ್ಕಬಳ್ಳಾಪುರದ ಕಡೆಯಿಂದ ಸೋದರಮಾವ ಬಂದಿದ್ದರು. ಸೇವಂತಿಗೆ ಬೆಳೆಯುವವರು. ವಿಧಾನಸೌಧದ ಮುಂದೆ ಕದಲದೆ ಅರ್ಧ ಗಂಟೆ ನಿಂತರು. ಊಟವಾದ ಮೇಲೆ, "ಮಾವ, ಇನ್ನು ನೈಟ್‌ಲೈಫ್ ಒಂದು ಬಾಕಿ" ಎಂದೆ.

"ಅದನ್ನ ನಾನ್ ತೋರಿಸ್ತೀನಿ. ಈಗ ಮಲಕ್ಕೊ."

ಮೂರೂವರೆಗೆ ಎಬ್ಬಿಸಿ ಕರೆದೊಯ್ದದ್ದು ಕೆ.ಆರ್. ಮಾರ್ಕೆಟ್ಟಿಗೆ. ಊರೆಲ್ಲ ಮುಸುಕೆಳೆದಿದ್ದರೆ ಅಲ್ಲಿ ಜಾತ್ರೆ. ಬಲ್ಬಿನ ಕೆಳಗೆ ಚೆಂಡುಹೂವಿನ ಗುಡ್ಡೆ, ಕಾಲಡಿ ಕೆಸರು, ಕೊಳೆತ ದಂಟಿನ ನಾತದ ನಡುವೆಯೇ ಮಲ್ಲಿಗೆಯ ಘಮ. 1905ರಲ್ಲಿ ಶಿವನಸಮುದ್ರದ ಕರೆಂಟು ಈ ಊರಿನ ಬೀದಿದೀಪ ಹೊತ್ತಿಸಿದ ಕತೆಯನ್ನು ನಾನು ಶುರುಮಾಡಿದೆ. ಮಾವ ಕೇಳಿಸಿಕೊಳ್ಳಲಿಲ್ಲ. ಒಂದು ಮೂಟೆಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ, ತಳದ ಹೂವೊಂದನ್ನು ಎಳೆದು ಹಿಸುಕಿ ನೋಡಿದರು. "ಮೇಲಿಂದು ಇವತ್ತಿಂದು, ಕೆಳಗಿಂದು ನಿನ್ನೇದು."

ಮೂವತ್ತು ವರ್ಷ ಹೂವಿನ ಮೂಟೆಯ ಜೊತೆ ಟೆಂಪೊದಲ್ಲಿ ಬಂದು, ಬೆಳಕು ಹರಿಯುವ ಮುಂಚೆ ವಾಪಸು ಬಸ್ಸು ಹತ್ತಿದವರು. "ಈ ಊರನ್ನ ಹಗಲಲ್ಲಿ ನೆಟ್ಟಗೆ ನೋಡಿದ್ದು ನಿನ್ನೇನೇ ಕಣೋ" ಎಂದು ಟೀ ಊದಿದರು. ನೆಂಟರು ಯಾರು, ಊರಿನವರು ಯಾರು ಎಂಬ ಲೆಕ್ಕ ನನಗೆ ತಪ್ಪಿತು.

ಮನೆಗೆ ಬಂದರೆ ಗೇಟಿನ ಹತ್ತಿರ ನನ್ನವಳು ಸೇವಂತಿಗೆ ಕೊಳ್ಳುತ್ತಿದ್ದಳು. ಮೊಳಕ್ಕೆಷ್ಟು ಎಂದು ಮಾವ ಕೇಳಿದರು. ಹೂವಿನವಳು ಹೇಳಿದಳು. ಮಾವ ಒಮ್ಮೆ ಹೂವು ನೋಡಿದರು, ಒಮ್ಮೆ ನನ್ನನ್ನು.

"ಇದನ್ನೂ ನಿನ್ ಪಟ್ಟಿಗೆ ಸೇರಿಸ್ಕೊ."